ಎಪ್ಪತ್ತಕ್ಕೊಂದು ಕ್ಯಾಮೆರಾ

2019ರ ಜನವರಿಯಲ್ಲಿ ನನ್ನದೊಂದು ಎಫ್.ಡಿ. ಮೆಚ್ಯೂರ್ ಆಯಿತು. 50,000 ರೂಪಾಯಿ ಅಸಲು, ಮೇಲೆ ಬಡ್ಡಿ. 37 ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು ನಾನು. ಬೇರೆಯವರ ಎಫ್.ಡಿ. ರಿನ್ಯೂ ಮಾಡಿಸುವುದೇ ನನ್ನ ಕೆಲಸವಾಗಿತ್ತು. ಈಗ ಕೌಂಟರಿನ ಆಚೆಯಿಂದ ಒಬ್ಬಳು ಹುಡುಗಿ, "ರಿನ್ಯೂ ಮಾಡುವುದಲ್ವಾ ಸರ್?" ಎಂದು ಕೇಳಿದಳು. "ಬೇಡಮ್ಮ, ಎಸ್.ಬಿ.ಗೆ ಹಾಕು" ಎಂದೆ. ನನ್ನ ಧ್ವನಿ ನನಗೇ ಹೊಸದಾಗಿ ಕೇಳಿಸಿತು.

ಮನೆಗೆ ಬಂದು ಕ್ಯಾಮೆರಾ ಕೊಳ್ಳುವ ವಿಷಯ ಹೇಳಿದೆ. ಹೆಂಡತಿ ತೆಂಗಿನಕಾಯಿ ತುರಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. "ಮೊಣಕಾಲಿಗೆ ಎಣ್ಣೆ ತಿಕ್ಕುವ ಪ್ರಾಯದಲ್ಲಿ ಕ್ಯಾಮೆರಾವಾ?" ಬೆಂಗಳೂರಿನಲ್ಲಿರುವ ಮಗ ಫೋನಿನಲ್ಲಿ, "ಅಪ್ಪಾ, ನಾನು ಕೊಡಿಸಿದ ಮೊಬೈಲಿನಲ್ಲೇ ಒಳ್ಳೆಯ ಕ್ಯಾಮೆರಾ ಉಂಟಲ್ಲ" ಎಂದ. ಖುಷಿಪಟ್ಟವಳು ಒಬ್ಬಳೇ, ಉಡುಪಿಯಲ್ಲೇ ಇರುವ ಮಗಳ ಮಗಳು. ಆಗ ಏಳನೇ ಕ್ಲಾಸು. "ಅಜ್ಜಾ, ಡಿ.ಎಸ್.ಎಲ್.ಆರ್.ಆ?" ಎಂದು ಕೇಳಿದಳು. ಹೌದೆಂದೆ. ಆ ನಾಲ್ಕು ಅಕ್ಷರಗಳ ಅರ್ಥ ನನಗೂ ಸರಿಯಾಗಿ ಗೊತ್ತಿರಲಿಲ್ಲ.

ಈ ಆಸೆ ಎಪ್ಪತ್ತಕ್ಕೆ ಹುಟ್ಟಿದ್ದಲ್ಲ. 1979ರ ಏಪ್ರಿಲ್‌ನಲ್ಲಿ ಕಾರ್ಕಳದಲ್ಲಿ ನನ್ನ ಅಕ್ಕನ ಹೊಸ ಮನೆಯ ಗೃಹಪ್ರವೇಶ ಇತ್ತು. ನಾನಾಗ ಕಾಪು ಶಾಖೆಯಲ್ಲಿದ್ದೆ. ಜೊತೆಯಲ್ಲಿ ಕೆಲಸ ಮಾಡುತ್ತಿದ್ದವರೊಬ್ಬರ ಬಳಿ ಜಪಾನಿನ ಯಾಷಿಕಾ ಕ್ಯಾಮೆರಾ ಇತ್ತು. ಮಗುವನ್ನು ಒಪ್ಪಿಸಿದಂತೆ ಅದನ್ನು ನನಗೆ ಒಪ್ಪಿಸಿದರು. 36 ಚಿತ್ರಗಳ ರೋಲನ್ನು ನಾನೇ ಹಾಕಿದೆ. ಹೋಮ, ಹಾಲುಕ್ಕಿಸಿದ್ದು, ಊಟದ ಪಂಕ್ತಿ, ಎಲ್ಲ ತೆಗೆದೆ. ಸಂಜೆ ಅಪ್ಪ ಹೊಸ ಜಗಲಿಯಲ್ಲಿ ಕುಳಿತು ಅಡಕತ್ತರಿಯಲ್ಲಿ ಅಡಿಕೆ ಕತ್ತರಿಸುತ್ತಿದ್ದರು. ಅದನ್ನು ಐದಾರು ಸಲ ತೆಗೆದೆ. 36 ಮುಗಿದರೂ ಲಿವರ್ ತಿರುಗುತ್ತಲೇ ಇತ್ತು. 37, 38, 40! ಕ್ಯಾಶ್ ಕಡಿಮೆ ಬಂದರೆ ಹುಡುಕಬಹುದು, ಹೆಚ್ಚು ಬಂದರೆ ಹೆದರಬೇಕು ಎಂದು ನಮ್ಮ ಹಿರಿಯ ಕ್ಯಾಷಿಯರರು ಹೇಳುತ್ತಿದ್ದರು. ನಾನು ಹೆದರುವ ಬದಲು ಲಾಭವಾಯಿತೆಂದು ಹಿಗ್ಗಿದೆ.

ಸ್ಟುಡಿಯೋದವರು ರೋಲನ್ನು ತೊಳೆದು ಬೆಳಕಿಗೆ ಹಿಡಿದು ತೋರಿಸಿದರು. ಕಿಟಕಿಯ ಗಾಜಿನಂತೆ ಖಾಲಿ. ಫಿಲ್ಮಿನ ತುದಿ ಆಚೆ ಬದಿಯ ಸುರುಳಿಗೆ ಸಿಕ್ಕಿಕೊಂಡೇ ಇರಲಿಲ್ಲ. ಲಿವರ್ ಎಳೆಯುವಾಗ ಎಡಗಡೆಯ ರಿವೈಂಡ್ ಗುಂಡಿ ತಿರುಗುತ್ತದೆಯೇ ಎಂದು ನೋಡಬೇಕಿತ್ತಂತೆ. ಅದು ತಿರುಗದಿದ್ದರೆ ಫಿಲ್ಮ್ ಓಡುತ್ತಿಲ್ಲ ಎಂದರ್ಥ. ಅದೇ ವರ್ಷ ಆಟಿ ತಿಂಗಳಲ್ಲಿ ಅಪ್ಪ ತೀರಿಕೊಂಡರು. ಒಂದು ಮದುವೆಯ ಗ್ರೂಪ್ ಫೋಟೋದಲ್ಲಿ ಬಿಟ್ಟರೆ ಅವರ ಬೇರೆ ಚಿತ್ರವಿಲ್ಲ. ಅದರಲ್ಲೂ ಯಾರದೋ ರುಮಾಲಿನ ಹಿಂದೆ ಅವರ ಅರ್ಧ ಮುಖ ಅಡಗಿದೆ. ಆಧಾರ್ ಕಾರ್ಡು, ವೋಟರ್ ಐ.ಡಿ. ಇಲ್ಲದ ಕಾಲ, ಮಕ್ಕಳೇ. ಫೋಟೋ ತೆಗೆಸಿಕೊಳ್ಳದೆಯೇ ಒಂದು ಇಡೀ ಆಯುಷ್ಯ ಕಳೆದುಬಿಡಬಹುದಿತ್ತು. ನನ್ನ ಅಮ್ಮನದಂತೂ ಒಂದೂ ಇಲ್ಲ. ನಾನು ನಾಲ್ಕು ವರ್ಷದವನಿದ್ದಾಗ ಅವಳು ಹೋದಳು. ನನ್ನನ್ನು ಸಾಕಿದ್ದು ಅಕ್ಕ. ನನಗಿಂತ ಹತ್ತು ವರ್ಷ ದೊಡ್ಡವಳು.

ಅಕ್ಕನಿಗೆ ಪ್ರಾಯವಾಗುತ್ತಾ ಬಂದಂತೆ ಅವಳು ಅಪ್ಪನಂತೆ ಕಾಣತೊಡಗಿದ್ದಳು. ಅದೇ ಜಗಲಿ, ಅದೇ ಅಡಕತ್ತರಿ, ಅಡಿಕೆ ಕತ್ತರಿಸುವಾಗ ಹಾಗೆಯೇ ಗಂಟಿಕ್ಕುವ ಹುಬ್ಬು. 2018ರ ದೀಪಾವಳಿಗೆ ಹೋಗಿದ್ದಾಗ ಅವಳು ಬಹಳ ಸೋತಿದ್ದಳು. ಮಾತಿನ ನಡುವೆಯೇ ನಿದ್ದೆ ಹೋಗುತ್ತಿದ್ದಳು. ಮೊಬೈಲಿನಲ್ಲಿ ಚಿತ್ರ ತೆಗೆದೆ. ಜಗಲಿಯ ಮಂದ ಬೆಳಕಿನಲ್ಲಿ ಮುಖದ ಸುಕ್ಕುಗಳೆಲ್ಲ ಒರೆಸಿಹೋಗಿ ಮೇಣದ ಗೊಂಬೆಯಂತೆ ಬಂತು. ಎಫ್.ಡಿ. ಮುರಿಯುವ ಯೋಚನೆ ಬಂದದ್ದು ಅಂದು. ಆದರೆ ನಾನು ಬ್ಯಾಂಕಿನವ. ಮೆಚ್ಯೂರ್ ಆಗುವವರೆಗೆ ಕಾದೆ.

ಮೊಬೈಲಿಗೇಕೆ ಹಾಗಾಗುತ್ತದೆ ಎಂಬುದನ್ನು ನನಗೆ ತಿಳಿಸಿಕೊಟ್ಟವನು ನಮ್ಮ ಮಹಡಿಯಲ್ಲಿ ಬಾಡಿಗೆಗಿದ್ದ ಮಣಿಪಾಲದ ಇಂಜಿನಿಯರಿಂಗ್ ವಿದ್ಯಾರ್ಥಿ. ಜೋರು ಮಳೆ ಬರುವಾಗ ಅಂಗಳದಲ್ಲಿ ಒಂದು ಲೋಟ, ಒಂದು ಹಂಡೆ ಇಟ್ಟು ನೋಡಿ. ಐದೇ ನಿಮಿಷದಲ್ಲಿ ಹಂಡೆಗೆ ಬೀಳುವ ನೀರೆಷ್ಟು, ಲೋಟಕ್ಕೆ ಬೀಳುವುದೆಷ್ಟು? ಬೆಳಕೂ ಹಾಗೆಯೇ ಬೀಳುತ್ತದೆ. ಕ್ಯಾಮೆರಾದೊಳಗೆ ಫಿಲ್ಮಿನ ಜಾಗದಲ್ಲಿರುವ ಸೆನ್ಸರ್ ಎಂಬ ಬಿಲ್ಲೆ ಬೆಳಕನ್ನು ಹಿಡಿಯುವ ಪಾತ್ರೆ. ಸಾಮಾನ್ಯ ಮೊಬೈಲಿನಲ್ಲಿ ಅದು ಒಂದೆರಡು ಉದ್ದಿನ ಕಾಳಿನಷ್ಟು. ನಾನು ನೋಡುತ್ತಿದ್ದ ಕ್ಯಾಮೆರಾಗಳಲ್ಲಿ ಸುಮಾರು 24 ಮಿ.ಮೀ. ಉದ್ದ, 16 ಮಿ.ಮೀ. ಅಗಲ, ಅಂದರೆ ಒಂದು ಸಣ್ಣ ಅಂಚೆಚೀಟಿ. ಬಿಸಿಲಿನಲ್ಲಿ ಎರಡೂ ತುಂಬಿ ಹರಿಯುತ್ತವೆ, ವ್ಯತ್ಯಾಸ ತಿಳಿಯುವುದಿಲ್ಲ. ಜಗಲಿಯ ಸಂಜೆಯಲ್ಲಿ ತಿಳಿಯುತ್ತದೆ.

ಎಸ್.ಎಲ್.ಆರ್. ಅಂದರೆ ಒಂದೇ ಲೆನ್ಸು, ಅದರ ಹಿಂದೊಂದು ಕನ್ನಡಿ. ನಮ್ಮ ಬಾಲ್ಯದ ಅಗ್ಫಾ ಕ್ಲಿಕ್ ಕ್ಯಾಮೆರಾದಲ್ಲಿ ನಾವು ನೋಡುವ ಕಿಂಡಿಯೇ ಬೇರೆ, ಚಿತ್ರ ಹಿಡಿಯುವ ಲೆನ್ಸೇ ಬೇರೆ. ಹಾಗಾಗಿ ಹತ್ತಿರ ನಿಂತವರ ತಲೆ ಎಷ್ಟೋ ಸಲ ಹಾರಿಹೋಗುತ್ತಿತ್ತು. ಇದರಲ್ಲಿ ಲೆನ್ಸಿನೊಳಗೆ ಬಂದ ಬೆಳಕೇ ಕನ್ನಡಿಗೆ ಬಡಿದು ಮೇಲೇರಿ ನಮ್ಮ ಕಣ್ಣಿಗೆ ಬರುತ್ತದೆ. ಗುಂಡಿ ಒತ್ತಿದಾಗ ಕನ್ನಡಿ 'ಟಕ್' ಎಂದು ಎದ್ದು ದಾರಿ ಬಿಡುತ್ತದೆ, ಬೆಳಕು ನೇರ ಸೆನ್ಸರಿಗೆ ಹೋಗುತ್ತದೆ. ಮೊದಲಿನ 'ಡಿ' ಅಂದರೆ ಡಿಜಿಟಲ್. ನಾನು ಲೆಡ್ಜರಿನಲ್ಲಿ ಮುಳುಗಿದ್ದ 1975ರಲ್ಲೇ ಅಮೆರಿಕದ ಕೊಡಾಕ್ ಕಂಪನಿಯಲ್ಲಿ ಸ್ಟೀವನ್ ಸ್ಯಾಸನ್ ಎಂಬ ಇಂಜಿನಿಯರ್ ಮೊದಲ ಡಿಜಿಟಲ್ ಕ್ಯಾಮೆರಾ ಮಾಡಿದ್ದರು. ಮೂರೂವರೆ ಕಿಲೋಗಿಂತ ಹೆಚ್ಚು ತೂಕ. ಒಂದು ಕಪ್ಪುಬಿಳುಪು ಚಿತ್ರವನ್ನು ಕ್ಯಾಸೆಟ್ಟಿಗೆ ಬರೆಯಲು 23 ಸೆಕೆಂಡು. ನಮ್ಮ ಕೌಂಟರಿನಲ್ಲಿ ಪಾಸ್‌ಬುಕ್ಕಿಗೆ ಎಂಟ್ರಿ ಹಾಕುವುದಕ್ಕಿಂತ ಅದೇ ಬೇಗ ಎಂದು ಮೊಮ್ಮಗಳಿಗೆ ಹೇಳಿದೆ. ಅವಳು ನಗಲಿಲ್ಲ. ಪಾಸ್‌ಬುಕ್ ಕೈಯಲ್ಲಿ ಬರೆಯುತ್ತಿದ್ದರು ಎಂಬುದೇ ಅವಳಿಗೆ ಗೊತ್ತಿರಲಿಲ್ಲ.

ಉಡುಪಿಯ ಎರಡು ಅಂಗಡಿ, ಮಣಿಪಾಲದ ಒಂದು ಅಂಗಡಿ ಸುತ್ತಿದೆವು. ಎಲ್ಲ ಕಡೆ ಮೊದಲ ಪ್ರಶ್ನೆ ಒಂದೇ: "ಎಷ್ಟು ಮೆಗಾಪಿಕ್ಸೆಲ್ ಬೇಕು ಸರ್?" ಅಕ್ಕಿ ಎಷ್ಟು ಕಿಲೋ ಎಂದು ಕೇಳಿದ ಹಾಗೆ. ನಾನು ಲಕೋಟೆಯ ಹಿಂಬದಿಯಲ್ಲಿ ಲೆಕ್ಕ ಹಾಕಿದೆ. 12 ಇಂಚು ಉದ್ದ, 8 ಇಂಚು ಅಗಲದ ಫೋಟೋ ಚೆನ್ನಾಗಿ ಅಚ್ಚಾಗಲು ಇಂಚಿಗೆ 300 ಚುಕ್ಕೆ ಸಾಕು. 3600ನ್ನು 2400ರಿಂದ ಗುಣಿಸಿದರೆ 86 ಲಕ್ಷ 40 ಸಾವಿರ. ಅಂದರೆ ಒಂಬತ್ತು ಮೆಗಾಪಿಕ್ಸೆಲ್‌ಗೂ ಕಡಿಮೆ. ಅಲ್ಲಿದ್ದ ಕ್ಯಾಮೆರಾಗಳೆಲ್ಲ 24ರ ಆಸುಪಾಸು. ಆ ಕಾಲಂ ಹೊಡೆದುಹಾಕಿದೆ.

ಮತ್ತೆ ಉಳಿದದ್ದು ಯಾರೂ ಕೇಳದ ಪ್ರಶ್ನೆಗಳು. ಕೈ ಎಷ್ಟು ಹೊತ್ತು ಹೊರುತ್ತದೆ? ದೊಡ್ಡ ಸೆನ್ಸರಿನ ಫುಲ್‌ಫ್ರೇಮ್ ಕ್ಯಾಮೆರಾಕ್ಕೆ ಜೂಮ್ ಲೆನ್ಸ್ ಸಿಕ್ಕಿಸಿ ಕೊಟ್ಟರು. ಒಂದೂವರೆ ಕಿಲೋ ಇದ್ದಿರಬೇಕು. ಎರಡು ನಿಮಿಷದಲ್ಲಿ ಮಣಿಕಟ್ಟು ನಡುಗಿತು. ಬೆಲೆ ಕೇಳಿದ ಮೇಲೆ ಉಳಿದದ್ದೂ ನಡುಗಿತು. ಕಣ್ಣಿಗೆ ಹೊಂದುತ್ತದೆಯೇ? ನನ್ನ ಬಲಗಣ್ಣಿಗೆ ಪೊರೆಯ ಆಪರೇಷನ್ ಆಗಿದೆ. ಕಿಂಡಿಯಲ್ಲಿ ಎಲ್ಲವೂ ಮಸುಕು. ಕ್ಯಾಮೆರಾ ಹಾಳಾಗಿದೆ ಎಂದೇ ಭಾವಿಸಿದ್ದೆ. ಮೊಮ್ಮಗಳು ಕಿಂಡಿಯ ಪಕ್ಕದ ಸಣ್ಣ ಚಕ್ರವೊಂದನ್ನು ತಿರುಗಿಸಿ, "ಈಗ ನೋಡಿ ಅಜ್ಜ" ಎಂದಳು. ಅಂಗಡಿಯ ಬೋರ್ಡಿನ ಅಕ್ಷರಗಳು ಎದ್ದು ನಿಂತವು. ಕಣ್ಣಿನ ಪವರಿಗೆ ತಕ್ಕಂತೆ ಹೊಂದಿಸಿಕೊಳ್ಳಲೆಂದೇ ಇರುವ ಚಕ್ರವಂತೆ ಅದು. ನನ್ನ ಪ್ರಾಯದವರು ಅಂಗಡಿಯಲ್ಲಿ ಮೊದಲು ಹುಡುಕಬೇಕಾದದ್ದು ಅದನ್ನು.

ಏನನ್ನು ತೆಗೆಯುತ್ತೀರಿ ಎಂದೂ ಯಾರೂ ಕೇಳಲಿಲ್ಲ. ಮೂಡಿಗೆರೆಯ ತೋಟದಲ್ಲಿ ತೇಜಸ್ವಿಯವರು ತೆಗೆದ ಹಕ್ಕಿಗಳ ಚಿತ್ರ ನೋಡಿ ನನಗೂ ಉದ್ಯಾವರ ಹೊಳೆಯ ಮಿಂಚುಳ್ಳಿಯ ಮೇಲೆ ಆಸೆ ಹುಟ್ಟಿದ್ದುಂಟು. ಆದರೆ ಅದಕ್ಕೆ ಬೇಕಾದ ಉದ್ದದ ಲೆನ್ಸಿಗೆ ಇನ್ನೊಂದು ಎಫ್.ಡಿ. ಬೇಕು. ಮೈಸೂರಿನ ಟಿ.ಎಸ್. ಸತ್ಯನ್ ಅವರ ಚಿತ್ರಗಳನ್ನು ನೋಡಿದ ಮೇಲೆ ಸಮಾಧಾನವಾಯಿತು. ಮನೆ, ಬೀದಿ, ಮಕ್ಕಳು, ಮುದುಕರು. ಅವರಿಗೆ 1977ರಲ್ಲಿ ಪದ್ಮಶ್ರೀ ಬಂದದ್ದು ಇಂಥ ಜನರ ಮುಖಗಳಿಂದಲೇ ಎಂದು ನಾನು ನಂಬಿದ್ದೇನೆ. ನನಗೂ ಬೇಕಾದದ್ದು ಒಂದು ಮುಖ, ಒಂದು ಜೊತೆ ಕೈ.

ಮಹಡಿಯ ಹುಡುಗ ತನ್ನ ಕ್ಯಾಮೆರಾವನ್ನು ಒಂದು ಸಂಜೆಗೆ ಕೊಟ್ಟ. ಮಕರ ಸಂಕ್ರಾಂತಿಯ ಹೊತ್ತಿನ ಉತ್ಸವ ನಡೆಯುತ್ತಿತ್ತು. ರಥಬೀದಿಯ ತುಂಬ ಜನ, ದೀಪ. ಜೊತೆಗೇ ಬಂದ ಸಾಧಾರಣ ಜೂಮ್ ಲೆನ್ಸಿನಲ್ಲಿ ತೆಗೆದೆ. ಶಟರ್ ಸೆಕೆಂಡಿನ 15ರಲ್ಲೊಂದು ಭಾಗದಷ್ಟು ಹೊತ್ತು ತೆರೆದಿರುತ್ತಿತ್ತು. ನನ್ನ ಕೈ ನಡುಗುವುದನ್ನು ಲೆನ್ಸಿನೊಳಗಿನ ವ್ಯವಸ್ಥೆಯೇನೋ ಸರಿಪಡಿಸಿತು. ಆದರೆ ನಡೆಯುವ ಜನರನ್ನು ಅದು ನಿಲ್ಲಿಸುತ್ತದೆಯೇ? ಎಲ್ಲರೂ ಹೊಗೆಯಾಗಿ ಹೋದರು. ಅನಂತರ ಅವನದೇ 35 ಮಿ.ಮೀ.ನ ಪುಟ್ಟ ಲೆನ್ಸ್ ಹಾಕಿದೆ. ಅದರ ಬಾಯಿ ಎಫ್ 1.8ರವರೆಗೆ ತೆರೆಯುತ್ತದೆ. ಈ ಸಂಖ್ಯೆ ಚಿಕ್ಕದಾದಷ್ಟೂ ಬಾಯಿ ದೊಡ್ಡದು, ಬ್ಯಾಂಕಿನ ಲೆಕ್ಕಕ್ಕೆ ತದ್ವಿರುದ್ಧ. ಜೂಮ್ ಲೆನ್ಸನ್ನು ಪೂರ್ತಿ ಎಳೆದಾಗ ಸಿಗುವ ಎಫ್ 5.6ಕ್ಕೆ ಹೋಲಿಸಿದರೆ ಇದರಲ್ಲಿ ಒಂಬತ್ತು ಪಟ್ಟಿಗೂ ಹೆಚ್ಚು ಬೆಳಕು. ಹೂ ಮಾರುವ ಹೆಂಗಸಿನ ಬೆರಳುಗಳ ನಡುವಿನ ದಾರ ಸಹ ಕಂಡಿತು. ಕ್ಯಾಮೆರಾಕ್ಕಿಂತ ಲೆನ್ಸಿಗೆ ದುಡ್ಡು ಹಾಕಬೇಕು ಎಂದು ಅಂದೇ ತೀರ್ಮಾನಿಸಿದೆ.

35 ತೆಗೆದುಕೊಳ್ಳುವುದೇ, ಮುಖಕ್ಕೆ ಒಳ್ಳೆಯದೆಂದು ಎಲ್ಲರೂ ಹೇಳುವ 50 ತೆಗೆದುಕೊಳ್ಳುವುದೇ? ಅಕ್ಕನಿಗೆ ಫೋನ್ ಮಾಡಿ, "ನಿಮ್ಮ ಜಗಲಿಯ ಅಗಲ ಎಷ್ಟು, ಅಳತೆ ಮಾಡಿಸು" ಎಂದೆ.

"ಎಂತಕ್ಕೆ ಮಾರಾಯ, ಮಂಚ ತರ್ತೀಯಾ?"

ಆರಡಿ. ಮತ್ತೆ ಲಕೋಟೆಯ ಹಿಂಬದಿ. ಆರಡಿ ದೂರದಿಂದ 50ರಲ್ಲಿ ಮುಖ ಮತ್ತು ಹೆಗಲು ಮಾತ್ರ ಸಿಗುತ್ತದೆ. 35ರಲ್ಲಿ ಮಡಿಲಿನ ಮೇಲಿನ ಕೈ, ಕೈಯಲ್ಲಿರುವ ಅಡಕತ್ತರಿಯೂ ಬರುತ್ತದೆ. ಹಾಗೆ 35 ಗೆದ್ದಿತು.

ಇಷ್ಟೆಲ್ಲ ಜಾಣತನ ತೋರಿಸಿದ ಮೇಲೂ ಒಂದು ಕಡೆ ಮೋಸಹೋಗುವುದರಲ್ಲಿದ್ದೆ. ಪರಿಚಯದವರೊಬ್ಬರು ತಮ್ಮ ಹಳೆಯ ನಿಕಾನ್ ಲೆನ್ಸನ್ನು ಕಾಲು ಬೆಲೆಗೆ ಕೊಡುತ್ತೇನೆಂದರು. ಮೇಲೆ 'ಎ.ಎಫ್.' ಎಂದು ಬರೆದಿತ್ತು. ಅಂದರೆ ತಾನಾಗಿಯೇ ಫೋಕಸ್ ಆಗುವಂಥದ್ದು. ದುಡ್ಡು ಕೊಡುವ ಮೊದಲು ಹುಡುಗನ ಕ್ಯಾಮೆರಾಕ್ಕೆ ಸಿಕ್ಕಿಸಿ ನೋಡಿದೆ. ಜಪ್ಪಯ್ಯ ಎಂದರೂ ಅಲುಗಲಿಲ್ಲ. ಆ ಕಾಲದ ಲೆನ್ಸಿನಲ್ಲಿ ಮೋಟಾರ್ ಇಲ್ಲ, ಅದನ್ನು ತಿರುಗಿಸುವ ಮೋಟಾರ್ ಕ್ಯಾಮೆರಾದಲ್ಲಿರಬೇಕು. ಕಡಿಮೆ ಬೆಲೆಯ ಹೊಸ ನಿಕಾನ್‌ಗಳಲ್ಲಿ ಅದನ್ನು ಇಟ್ಟಿಲ್ಲ. 'ಎ.ಎಫ್-ಎಸ್' ಎಂದಿದ್ದರೆ ಮೋಟಾರ್ ಲೆನ್ಸಿನಲ್ಲೇ ಇರುತ್ತದೆ. ಒಂದು 'ಎಸ್' ಅಕ್ಷರ! ಚೆಕ್ಕಿನಲ್ಲಿ ಇನಿಷಿಯಲ್ ಒಂದು ತಪ್ಪಿದ್ದಕ್ಕೆ ನಾನೆಷ್ಟು ಜನರನ್ನು ವಾಪಸ್ ಕಳಿಸಿಲ್ಲ? ಲೆನ್ಸನ್ನು ವಂದನೆಗಳೊಂದಿಗೆ ಹಿಂದಿರುಗಿಸಿದೆ.

ಕೊನೆಗೆ ಉಳಿದದ್ದು ಎರಡು: ಕ್ಯಾನನ್ 200ಡಿ ಮತ್ತು ನಿಕಾನ್ ಡಿ5600. ಎರಡೂ 24 ಮೆಗಾಪಿಕ್ಸೆಲ್, ಲೆನ್ಸ್ ಬಿಟ್ಟರೆ ಎರಡೂ ಅರ್ಧ ಕಿಲೋಕ್ಕಿಂತ ಕಡಿಮೆ, ಎರಡರಲ್ಲೂ ಹಿಂದಿನ ಪರದೆಯನ್ನು ಕಿಟಕಿ ಬಾಗಿಲಿನಂತೆ ತೆರೆದು ತಿರುಗಿಸಬಹುದು. ನೆಲಕ್ಕೆ ಕೂರಲಾಗದ ಮೊಣಕಾಲಿಗೆ ಅದು ದೊಡ್ಡ ಉಪಕಾರ. ಯಾವುದು ಉತ್ತಮ ಎಂಬ ಚರ್ಚೆಗೆ ಕೊನೆಯಿಲ್ಲ. ನನ್ನ ಬೆರಳಿಗೆ ನಿಕಾನ್‌ನ ಹಿಡಿ ಚೆನ್ನಾಗಿ ಕೂತಿತು. ಇನ್ನೊಬ್ಬರಿಗೆ ಮತ್ತೊಂದು ಕೂರಬಹುದು. ಕ್ಯಾಮೆರಾ, ಜೂಮ್, 35ರ ಲೆನ್ಸು ಸೇರಿ ಅಸಲು ಮುಗಿದು ಬಡ್ಡಿಗೂ ಕೈ ಹಾಕಿದೆ. ಅದನ್ನು ಹೆಂಡತಿಗೆ ಹೇಳಿದ್ದು ಇವತ್ತೇ, ಇದನ್ನು ಓದಿದಾಗ ಅವಳಿಗೆ ತಿಳಿಯುತ್ತದೆ.

ಮೊದಲ ಸವಾರಿ ಕಾಪುವಿಗೆ. 1901ರ ಆ ದೀಪಸ್ತಂಭ, ಅದು ನಿಂತ ಬಂಡೆ, ಮುಳುಗುವ ಸೂರ್ಯ. ಕೆಲಸ ಮಾಡುತ್ತಿದ್ದ ಕಾಲದಲ್ಲಿ ಸಂಜೆ ಬಸ್ಸಿಗೆ ಕಾಯುತ್ತಾ ಎಷ್ಟೋ ಸಲ ನೋಡಿದ್ದು. ಅಲೆ ಬಂಡೆಗೆ ಬಡಿದು ಹನಿ ಲೆನ್ಸಿಗೆ ಸಿಡಿಯಿತು. ನಾನು ಪಂಚೆಯ ತುದಿ ಹಿಡಿದು ಒರೆಸಲು ಹೊರಟೆ. "ಅಜ್ಜಾ, ಬೇಡ!" ಎಂದು ಮೊಮ್ಮಗಳು ಕಿರುಚಿದ್ದಕ್ಕೆ ಪಕ್ಕದವರೆಲ್ಲ ತಿರುಗಿ ನೋಡಿದರು. ಪಂಚೆಯಲ್ಲಿ ಮರಳಿತ್ತು. ತಿಕ್ಕಿದ್ದರೆ ಗಾಜು ಗೀರಿ ಹೋಗುತ್ತಿತ್ತು. ಮೊದಲು ಊದುವ ರಬ್ಬರ್ ಉಂಡೆಯಿಂದ ಮರಳು ಹಾರಿಸಬೇಕು, ಅನಂತರ ಅದಕ್ಕೆಂದೇ ಇರುವ ಬಟ್ಟೆಯಿಂದ ಮೃದುವಾಗಿ ಒರೆಸಬೇಕು. ಈ ಪಾಠ ಏಳನೇ ಕ್ಲಾಸಿನವಳಿಂದ.

ಕರಾವಳಿಯವರಿಗೆ ಇನ್ನೊಂದು ಶತ್ರು ಬೂಸಲು. ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ ಬೀಳುವ ಊರು ನಮ್ಮದು. ಚಪ್ಪಲಿಗೆ, ಬೆಲ್ಟಿಗೆ ಬರುವ ಬೂಸಲು ಲೆನ್ಸಿನೊಳಗೂ ಜೇಡರ ಬಲೆಯಂತೆ ಹಬ್ಬುತ್ತದೆ. ಬ್ಯಾಗಿನೊಳಗೆ ಬೆಚ್ಚಗೆ ಮುಚ್ಚಿಟ್ಟರೆ ಅದಕ್ಕೆ ಹಬ್ಬವೇ. ನಾನು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ ಇಡುತ್ತೇನೆ. ತೇವ ಹೀರಿದಾಗ ಅದರ ನೀಲಿ ಹರಳು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಬಿಸಿ ಮಾಡಿದರೆ ಮತ್ತೆ ನೀಲಿ. ಬಿಸಿ ಮಾಡಲು ದೋಸೆ ಕಾವಲಿ ಎತ್ತಿಕೊಂಡದ್ದೇ ತಪ್ಪಾಯಿತು. ಈಗ ನನಗೆಂದೇ ಒಂದು ಹಳೆಯ ಕಾವಲಿ ಬೇರೆ ಇದೆ.

ಮಾರ್ಚಿನಲ್ಲಿ ಒಂದು ಶನಿವಾರ ಹಿರಿಯಡ್ಕ, ಬೈಲೂರು ದಾರಿಯಾಗಿ ಕಾರ್ಕಳದ ಬಸ್ಸು ಹಿಡಿದೆವು. ಮೊಮ್ಮಗಳ ಹಟಕ್ಕೆ ಮೊದಲು ಗೊಮ್ಮಟ ಬೆಟ್ಟ. 1432ರಲ್ಲಿ ನಿಂತ 42 ಅಡಿಯ ಬಾಹುಬಲಿ 35ರ ಲೆನ್ಸಿನಲ್ಲಿ ಸೊಂಟದವರೆಗೆ ಮಾತ್ರ ಹಿಡಿದ. ಅವಳು ಹಿಂದೆ ಹಿಂದೆ ಹೋಗಿ ಗೋಡೆಗೆ ಬೆನ್ನು ತಾಗಿಸಿದಳು, ಆಮೇಲೆ ಜೂಮ್ ಹಾಕಿ 18ಕ್ಕೆ ತಂದಳು. ಎದುರಿನ ಚತುರ್ಮುಖ ಬಸದಿಯ ಕಂಬಗಳ ಸಾಲಿನಲ್ಲಿ ನಾನು ಕುಳಿತು ಸುಧಾರಿಸಿಕೊಂಡೆ. 1586ರ ಆ ಕಲ್ಲು ಮಧ್ಯಾಹ್ನವೂ ತಂಪು.

ಅಕ್ಕ ಹೊಸ ಸೀರೆ ಉಟ್ಟು ಕುರ್ಚಿಯಲ್ಲಿ ಬಿಗಿಯಾಗಿ ಕುಳಿತಿದ್ದಳು. ಫೋಟೋಕ್ಕೆ ಎಂದು ಯಾರೋ ಹೇಳಿಬಿಟ್ಟಿದ್ದರು. ಹಾಗೆ ತೆಗೆದದ್ದೆಲ್ಲ ಪಾಸ್‌ಪೋರ್ಟ್ ಫೋಟೋ. ಮೂರು ಗಂಟೆಗೆ ಕಾಫಿಯಾಯಿತು. ಅವಳು ಕುರ್ಚಿ ಬಿಟ್ಟು ಜಗಲಿಯ ಅಂಚಿನ ತನ್ನ ಜಾಗಕ್ಕೆ ಬಂದು ಅಡಕತ್ತರಿ ಎತ್ತಿಕೊಂಡಳು. ಅಂಗಳದ ಬಿಸಿಲು ನೆಲಕ್ಕೆ ಬಿದ್ದು ಅಲ್ಲಿಂದ ಅವಳ ಮುಖಕ್ಕೆ ಏರಿತ್ತು. ನಾನು ಎದುರು ಗೋಡೆಗೆ ಒರಗಿ ನಿಂತೆ. ಸರಿಯಾಗಿ ಆರಡಿ. ಅವಳು ನನ್ನನ್ನು ಮರೆಯುವವರೆಗೆ ಕಾದು ಹನ್ನೊಂದು ಸಲ ಒತ್ತಿದೆ. ಪ್ರತಿ ಸಲವೂ ಪರದೆಯಲ್ಲಿ ಚಿತ್ರ ಬಂದಿದೆಯೇ ಎಂದು ನೋಡಿದೆ. 1979ರ ಭಯ.

ಏಳನೆಯದು ಚೆನ್ನಾಗಿತ್ತು. ಪ್ರತಿ ಸುಕ್ಕು, ಬೆರಳ ಗಂಟು, ಕತ್ತರಿಯ ಅಲಗಿನ ಹೊಳಪು. "ನೋಡಕ್ಕ, ಅಪ್ಪನೇ" ಎಂದು ಪರದೆ ತೋರಿಸಿದೆ.

ಅವಳು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದಳು.

"ಅಪ್ಪ ಎಲ್ಲಿ? ಇದು ಅಮ್ಮ."

ನಾನು ಸುಮ್ಮನೆ ನಿಂತೆ.

"ಗಲ್ಲ ನೋಡು, ತುಟಿ ನೋಡು. ಅಮ್ಮ ಇಷ್ಟು ಮುದುಕಿ ಆಗ್ಲಿಲ್ಲ, ಆಗಿದ್ರೆ ಹೀಗೇ ಇರ್ತಿದ್ಲು. ನಿನಗೆಲ್ಲಿ ನೆನಪುಂಟು? ಅಪ್ಪನ ಮೂಗು, ಅಪ್ಪನ ಹಣೆ ಎಲ್ಲ ನಿನ್ನದು. ಅದು ಕೊಡು ಆ ಹುಡುಗಿಗೆ. ನೀನು ಇಲ್ಲಿ ಕೂತ್ಕೊ."

ನನ್ನನ್ನು ತನ್ನ ಜಾಗದಲ್ಲಿ ಕೂರಿಸಿ, ಅಡಕತ್ತರಿಯನ್ನು ಕೈಗೆ ಕೊಟ್ಟಳು. ಮೊಮ್ಮಗಳು ಒಂದು ಚಿತ್ರ ತೆಗೆದಳು. ಹಿಂದಿನ ಗೋಡೆಯ ಕ್ಯಾಲೆಂಡರ್ ಸ್ಪಷ್ಟ, ನಾನು ಮಸುಕು. "ಏಕಾದಶಿ ಯಾವಾಗ ಅಂತ ಚೆನ್ನಾಗಿ ಕಾಣ್ತದೆ" ಎಂದಳು ಅಕ್ಕ. ಮೊಮ್ಮಗಳು ಪರದೆಯಲ್ಲಿ ನನ್ನ ಮುಖದ ಮೇಲೆ ಬೆರಳಿಟ್ಟು ಫೋಕಸ್ ಹೊಂದಿಸಿದಳು.

"ತಡಿ. ಕನ್ನಡಕ ತೆಗಿ. ಅಪ್ಪ ಕನ್ನಡಕ ಹಾಕ್ತಿರ್ಲಿಲ್ಲ."

ತೆಗೆದೆ. ಟಕ್ ಎಂದಿತು. ಇಬ್ಬರೂ ತಲೆಗೆ ತಲೆ ತಾಗಿಸಿ ಪರದೆ ನೋಡತೊಡಗಿದರು.

"ಕಿವಿ ಸ್ವಲ್ಪ ದೊಡ್ಡದಾಯ್ತು ಇವನದ್ದು" ಎಂದಳು ಅಕ್ಕ, "ಉಳಿದದ್ದೆಲ್ಲ ಸರಿ ಉಂಟು."

ನನಗೂ ನೋಡಬೇಕಿತ್ತು. ಕನ್ನಡಕ ಎಲ್ಲಿಟ್ಟೆನೆಂದು ಜಗಲಿಯ ಮೇಲೆಲ್ಲ ತಡಕಾಡುತ್ತಿದ್ದೆ.